ಮೀನಿನ ದಾರಿಯ ನಕ್ಷೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಮೀನಿನ ವಿಚಾರವೇ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಇಂಥ ವೇದಿಕೆಯ ಮೇಲೆ ನುಡಿಯ ಹಿರಿಮೆ, ಕವಿಗಳ ಕೀರ್ತಿ, ನಮ್ಮ ಶಾಲೆಗಳ ಕಷ್ಟನಿಷ್ಠುರ ಇವುಗಳ ಮಾತು ನಡೆಯುವುದು ವಾಡಿಕೆ. ಆ ಮಾತುಗಳು ಬೇಕು; ಅವನ್ನಾಡಲು ನಮಗಿಂತ ಸಮರ್ಥರಾದವರು ಈ ಸಭೆಯಲ್ಲಿ ಕುಳಿತಿದ್ದಾರೆ. ನಾವು ಇಂದು ತಮ್ಮ ಮುಂದಿಡಬೇಕೆಂದಿರುವುದು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಯನ್ನೇರಿ ಬಹುದೂರ ಸಾಗುವ ಒಂದು ಮೀನಿನ ಕಥೆ. ಆ ಮೀನಿನ ಮನೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಗುರುತಿಸಿ ನಕ್ಷೆ ಬರೆಯಲು ಪಂಡಿತರೂ ಬೆಸ್ತರೂ ಪಡುತ್ತಿರುವ ಪಾಡಿನ ಕಥೆಯೂ ಅದರೊಡನೆ ಸೇರಿದೆ. ತಲೆ ಒಂದು ರಾಜ್ಯದಲ್ಲಿ, ಬಾಯಿ ಇನ್ನೊಂದು ರಾಜ್ಯದಲ್ಲಿ ಇರುವಂಥ ಹೊಳೆಯ ದಡದಲ್ಲಿ ಬಾಳುತ್ತಿರುವ ನಮಗೆ ಆ ಕಥೆ ಪರಕೀಯವಲ್ಲವೆಂಬುದು ಕೊನೆಯಲ್ಲಿ ತಮಗೇ ತೋರೀತು.

ಮೊದಲು ಒಂದು ಹಳೆಯ ಸಂಗತಿ. 1801ನೆಯ ಇಸವಿಯ ಜನವರಿ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಕಡೆಯಿಂದ ಬಂದು ನಮ್ಮ ಚಂದ್ರಗಿರಿ ಹೊಳೆಯನ್ನು ದಾಟಿದನು. ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು, ಕೆನರಾ, ಮಲಬಾರು ಸೀಮೆಗಳ ಸ್ಥಿತಿಗತಿಯನ್ನು ಕಣ್ಣಾರೆ ಕಂಡು ವರದಿ ಮಾಡುವಂತೆ ಕಂಪೆನಿ ಸರ್ಕಾರವು ಅವನನ್ನು ನೇಮಿಸಿದ್ದಿತು. ಮಲಯಾಳ ದೇಶ ಈ ಹೊಳೆಗೆ ಮುಗಿಯಿತು, ಇಲ್ಲಿಂದ ಮುಂದೆ ತುಳುವ ದೇಶ ಎಂದು ಅವನು ಗುರುತು ಹಾಕಿಕೊಂಡನು. ಆ ಪ್ರವಾಸದ ಗ್ರಂಥ 1807ರಲ್ಲಿ ಅಚ್ಚಾಯಿತು. ಗಡಿಯ ವಿಷಯ ಬಂದಾಗಲೆಲ್ಲ ನಮ್ಮ ವಿದ್ವಾಂಸರು ಅದರ ಪುಟಗಳನ್ನು ತಿರುವುವುದುಂಟು.

ಅದೇ ಬುಕಾನನ್ನನು ಮುಂದೆ ಬಂಗಾಳದಲ್ಲಿ ನೆಲೆಸಿ, ಕಲ್ಕತ್ತೆಯ ಸಮೀಪದ ಬ್ಯಾರಕ್‌ಪುರದಲ್ಲಿದ್ದ ಪ್ರಾಣಿಸಂಗ್ರಹದ ಮೇಲ್ವಿಚಾರಣೆ ವಹಿಸಿದನು. ಗಂಗಾನದಿಯ ಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ತನ್ನ ಹೆಸರನ್ನು ಹ್ಯಾಮಿಲ್ಟನ್ ಎಂದು ಬದಲಿಸಿಕೊಂಡ ಮೇಲೆ 1822ರಲ್ಲಿ ಆ ಮೀನುಗಳ ಪುಸ್ತಕವನ್ನು ಪ್ರಕಟಿಸಿದನು. ಇಲಿಶ್ ಎಂಬ ಮೀನಿಗೆ ಶಾಸ್ತ್ರೀಯ ನಾಮಕರಣವಾದುದು ಆ ಪುಸ್ತಕದಲ್ಲಿ. ಬಂಗಾಳದ ಜನರ ಬಾಯಲ್ಲಿದ್ದ ಹೆಸರನ್ನೇ ‘ಇಲಿಶಾ’ ಎಂದು ಅವನು ಶಾಸ್ತ್ರದೊಳಕ್ಕೆ ಸೇರಿಸಿದನು. ನಮ್ಮ ಹೊಳೆಯನ್ನು ಎರಡು ದೇಶಗಳ ಗಡಿಯೆಂದು ಬರೆದ ಕೈಯೇ, ಗಡಿಯನ್ನರಿಯದ ಒಂದು ಮೀನಿನ ಹೆಸರನ್ನೂ ಬರೆಯಿತು.

ಇಲಿಶ್ ನಮ್ಮ ಊರಿನ ಸಂತೆಯ ಮೀನಲ್ಲ. ಅದು ಬೆಳ್ಳಿಯ ಬಣ್ಣದ, ಅಗಲ ಮೈಯ ಮೀನು. ನಮ್ಮ ಕಡಲಿನ ಬೂತಾಯಿಗೆ ದೂರದ ನೆಂಟ. ಬಂಗಾಳದವರ ಇಲಿಶ್, ಗೋದಾವರಿ ತೀರದ ತೆಲುಗರ ಪುಲಸ, ಸಿಂಧಿಗಳ ಪಲ್ಲಾ ಇವೆಲ್ಲ ಒಂದೇ ಜಾತಿಯ ಮೀನಿನ ಹೆಸರುಗಳು. ಬಾಂಗ್ಲಾದೇಶದವರು ಅದನ್ನು ತಮ್ಮ ರಾಷ್ಟ್ರೀಯ ಮೀನೆಂದು ಮನ್ನಿಸಿದ್ದಾರೆ. ಸಿಂಧಿಗಳು ತಮ್ಮ ಆರಾಧ್ಯನಾದ ಝೂಲೇಲಾಲನನ್ನು ಪಲ್ಲಾ ಮೀನಿನ ಮೇಲೆ ಕುಳ್ಳಿರಿಸಿ ಚಿತ್ರಿಸುವರು. ತಾಳಿ ಮಾರಿಯಾದರೂ ಪುಲಸ ತಿನ್ನಬೇಕೆಂಬ ಗಾದೆ ಗೋದಾವರಿ ಜಿಲ್ಲೆಗಳಲ್ಲಿ ಈಗಲೂ ಕೇಳಿಬರುತ್ತದೆ. ಮೂರು ನಾಡಿನ ಜನ ಮೂರು ಭಾಷೆಗಳಲ್ಲಿ ಒಂದೇ ಜೀವವನ್ನು ಹೀಗೆ ತಮ್ಮ ಮನೆಯದಾಗಿ ಮಾಡಿಕೊಂಡಿದ್ದಾರೆ.

ಅದರ ಬಾಳು ಹೀಗೆ. ಬೆಳೆಯುವುದು ಸಮುದ್ರದಲ್ಲಿ. ಮುಂಗಾರು ಹಿಡಿದು ನದಿಗಳು ಕೆಂಪಾಗಿ ಕಡಲಿಗೆ ನುಗ್ಗುವಾಗ, ಗುಂಪುಗುಂಪಾಗಿ ಅಳಿವೆಗೆ ಬಂದು ಸಿಹಿನೀರಿನತ್ತ ಏರತೊಡಗುತ್ತದೆ. ಚಳಿಗಾಲದ ಕೊನೆಯಲ್ಲಿ ಇನ್ನೊಂದು ಸಣ್ಣ ಏರಿಕೆಯೂ ಉಂಟು. ಹೆಣ್ಣು ಮೀನೊಂದು ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ. ದೊಡ್ಡ ಮೀನಾದರೆ ಹತ್ತು ಲಕ್ಷವನ್ನೂ ಮೀರುವುದುಂಟು. ಸುಮಾರು ಒಂದು ದಿನದಲ್ಲಿ ಮೊಟ್ಟೆ ಒಡೆದು ಮರಿಯಾಗುತ್ತದೆ. ಮರಿಗಳು ಕೆಲವು ತಿಂಗಳು ನದಿಯಲ್ಲೂ ಅಳಿವೆಯಲ್ಲೂ ಮೇದು ಬೆಳೆದು, ನಿಧಾನವಾಗಿ ಕೆಳಗಿಳಿದು ಕಡಲನ್ನು ಸೇರುತ್ತವೆ. ಪ್ರಾಯಕ್ಕೆ ಬಂದ ಮೇಲೆ ಮತ್ತೆ ನದಿಯನ್ನೇರುತ್ತವೆ. ಹೀಗಿರುವಾಗ ಈ ಮೀನಿನ ಮನೆ ಯಾವುದು? ಕಡಲು ಅದರ ಅಂಗಳ, ಅಳಿವೆ ಅದರ ಬಾಗಿಲು, ನದಿಯ ಒಡಲು ಅದರ ಹೆರಿಗೆಯ ಕೋಣೆ. ಮೂರರಲ್ಲಿ ಒಂದಕ್ಕೆ ಬೀಗ ಬಿದ್ದರೂ ಸಂಸಾರ ನಿಂತಿತು.

ಬೀಗ ಬಿದ್ದ ಕಥೆಗಳನ್ನು ಈಗ ಹೇಳಬೇಕಾಗಿದೆ. ಸಿಂಧೂ ನದಿಯಲ್ಲಿ ಪಲ್ಲಾ ಮೀನು ಒಂದು ಕಾಲಕ್ಕೆ ಮುಲ್ತಾನಿನವರೆಗೆ ಏರುತ್ತಿದ್ದಿತು. 1932ರಲ್ಲಿ ಸಕ್ಕರದ ಕಟ್ಟೆಯೂ 1955ರಲ್ಲಿ ಅದಕ್ಕಿಂತ ಕೆಳಗೆ ಕೋಟ್ರಿಯ ಕಟ್ಟೆಯೂ ಮುಗಿದ ಮೇಲೆ ಅದರ ಸಂಚಾರ ಕೋಟ್ರಿಯ ಕೆಳಗಣ ನೀರಿಗೆ ಸೀಮಿತವಾಯಿತು. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯೂ ಇದಕ್ಕೆ ಹೊರತಲ್ಲ. ತಮಿಳುನಾಡಿನ ಕಾವೇರಿ, ಕೊಳ್ಳಿಡಂ ನದಿಗಳಲ್ಲಿ ಇದೇ ಜಾತಿಯ ಮೀನು ಹಿಂದೆ ಹೇರಳವಾಗಿದ್ದಿತು. ಅಡ್ಡಗಟ್ಟೆಗಳು ಮೀನಿನ ಸಂಚಾರಕ್ಕೆ ತಡೆಯಾಗುತ್ತಿವೆಯೆಂದು ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು 1873ರ ತನ್ನ ವರದಿಯಲ್ಲಿಯೇ ಸರ್ಕಾರವನ್ನು ಎಚ್ಚರಿಸಿದ್ದನು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಬಳಿಕ ಕಾವೇರಿಯ ಆ ಮೀನುಗಾರಿಕೆ ಕ್ಷೀಣಿಸಿಹೋಯಿತು. ಗೋದಾವರಿಯಲ್ಲಿ ಆರ್ಥರ್ ಕಾಟನ್ನನು 1847ರಿಂದ 1852ರವರೆಗೆ ಧವಳೇಶ್ವರದ ಆಣೆಕಟ್ಟನ್ನು ಕಟ್ಟಿಸಿದನು; ಪುಲಸದ ಯಾತ್ರೆ ಈಗ ಆ ಕಟ್ಟೆಯ ಬುಡದಲ್ಲಿ ಕೊನೆಗೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕಥೆ ಗಂಗೆಯದು. ಬಂಗಾಳಕೊಲ್ಲಿಯಿಂದ ಹೊರಟ ಇಲಿಶ್ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಅಲಹಾಬಾದನ್ನು ಮುಟ್ಟುತ್ತಿದ್ದಿತು. ಕಾನ್ಪುರ, ಆಗ್ರಾ, ಒಮ್ಮೊಮ್ಮೆ ದೆಹಲಿಯ ನೀರಿನಲ್ಲಿಯೂ ಕಂಡುಬಂದ ದಾಖಲೆಯುಂಟು. 1975ರಲ್ಲಿ ಫರಕ್ಕಾದ ಕಟ್ಟೆ ಕೆಲಸಕ್ಕೆ ಬಂದಿತು. ಹೂಳು ತುಂಬುತ್ತಿದ್ದ ಕಲ್ಕತ್ತೆಯ ಬಂದರಿಗೆ ನೀರು ಹಾಯಿಸಿ ಅದನ್ನು ಉಳಿಸುವುದು ಅದರ ಉದ್ದೇಶ. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಆ ಕಟ್ಟೆಯಿಂದ ಸುಮಾರು 38 ಕಿಲೋಮೀಟರಿನ ಕಾಲುವೆಯೊಂದು ಗಂಗೆಯ ನೀರನ್ನು ಭಾಗೀರಥಿಗೆ ಒಯ್ಯುತ್ತದೆ. ಮೀನು ದಾಟಿಹೋಗಲೆಂದು ಕಟ್ಟೆಯಲ್ಲಿ ಕಿಂಡಿಗಳನ್ನೂ ಇಟ್ಟಿದ್ದರು. ಅವು ಇಲಿಶ್‌ಗೆ ಒದಗಿಬರಲಿಲ್ಲ. ಪಶ್ಚಿಮ ದೇಶಗಳ ಸಾಲ್ಮನ್ ಮೀನಿನಂತೆ ನೆಗೆದು ಮೆಟ್ಟಿಲೇರುವ ಸ್ವಭಾವ ಇದರದಲ್ಲ. ಬಕ್ಸರ್, ಅಲಹಾಬಾದುಗಳ ಬೆಸ್ತರ ಬಲೆಗಳಿಂದ ಇಲಿಶ್ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಅದನ್ನು ಹಿಡಿಯಲು ಕಲಿತಿದ್ದ ಕೈಗಳು ಬೇರೆ ಕಸುಬನ್ನು ಹುಡುಕಿದವು.

ಅಣೆಕಟ್ಟುಗಳನ್ನು ದೂಷಿಸಲು ನಾವು ಈ ಮಾತುಗಳನ್ನು ಆಡುತ್ತಿಲ್ಲ. ಕಾಟನ್ನನ ಕಟ್ಟೆ ಬರಗಾಲದಿಂದ ತತ್ತರಿಸಿದ ಗೋದಾವರಿಯ ಬಯಲಿಗೆ ಅನ್ನವನ್ನು ತಂದಿತು. ಅಲ್ಲಿನ ಜನ ಇಂದಿಗೂ ಅವನನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ನೀರು ಬೇಕು, ಬಂದರು ಬೇಕು, ಬೆಳಕು ಬೇಕು. ಮೀನೂ ಬೇಕು, ಅದನ್ನು ನಂಬಿದ ಸಂಸಾರವೂ ಬದುಕಬೇಕು. ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕಾದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಲೆಕ್ಕವಿರಬೇಕಲ್ಲವೇ? ನೀರಿನ ಲೆಕ್ಕ ನಮ್ಮಲ್ಲಿ ಬಹುಕಾಲದಿಂದ ಇದೆ. ಮೀನು ಎಲ್ಲಿ ತಂಗುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ಆಳದಲ್ಲಿ ಯಾವ ತಿಂಗಳು ಸಾಗುತ್ತದೆ ಎಂಬ ಲೆಕ್ಕ ಮಾತ್ರ ಬೆಸ್ತನ ತಲೆಯಲ್ಲಿ ಉಳಿದಿದ್ದಿತು. ಕಾಗದದ ಮೇಲೆ ಬರಲು ತಡವಾಯಿತು.

ಆ ಲೆಕ್ಕವನ್ನು ಕಾಗದಕ್ಕೆ ತರುವ ಕೆಲಸವೇ ನೆಲೆಯ ನಕ್ಷೆ. ಅದನ್ನು ಬರೆಯುವ ಬಗೆಯನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು.

ಮೊದಲನೆಯದು ಆಳ. ಹಿಂದೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಅಳೆಯುತ್ತಿದ್ದರು. ಈಗ ದೋಣಿಯ ಕೆಳಗೆ ಕಟ್ಟಿದ ಯಂತ್ರವು ನೀರಿನೊಳಕ್ಕೆ ಶಬ್ದವನ್ನು ಕಳುಹಿಸಿ, ತಳಕ್ಕೆ ತಾಗಿ ಮರಳುವ ಪ್ರತಿಧ್ವನಿಗೆ ಹಿಡಿದ ಕಾಲದಿಂದ ಆಳವನ್ನು ಲೆಕ್ಕ ಹಾಕುತ್ತದೆ. ದೋಣಿ ಈ ದಡದಿಂದ ಆ ದಡಕ್ಕೆ, ಮತ್ತೆ ಆ ದಡದಿಂದ ಈ ದಡಕ್ಕೆ ನೇಯ್ಗೆಯ ಲಾಳಿಯಂತೆ ಓಡಾಡಿದರೆ ನದಿಯ ತಳದ ಏರಿಳಿತವೆಲ್ಲ ಹಾಳೆಯ ಮೇಲೆ ಮೂಡುತ್ತದೆ. ಇಲಿಶ್ ಆಳವಾದ ಮಡುಗಳನ್ನು ಹಿಡಿದು ಸಾಗುವ ಮೀನು. ದಾರಿಯ ನಡುವೆ ಹೊಯ್ಗೆಯ ದಿಬ್ಬವೆದ್ದರೆ ಅದರ ಯಾತ್ರೆಗೆ ವಿಘ್ನ. ಆದುದರಿಂದ ಆಳದ ನಕ್ಷೆಯೇ ಅದರ ಹೆದ್ದಾರಿಯ ನಕ್ಷೆ.

ಎರಡನೆಯದು ತಳದ ಮಣ್ಣು. ಅಲ್ಲಲ್ಲಿ ತಳದಿಂದ ಒಂದು ಹಿಡಿ ಮಣ್ಣನ್ನು ಮೇಲೆತ್ತಿ, ಹೊಯ್ಗೆಯೋ ಜೇಡಿಯೋ ಕೊಳೆತ ಕೆಸರೋ ಎಂದು ವಿಂಗಡಿಸಿ ಗುರುತು ಹಾಕುತ್ತಾರೆ. ಮೂರನೆಯದು ನೀರಿನ ಗುಣ. ಉಪ್ಪೆಷ್ಟು, ಕದಡಿದ ಮಣ್ಣೆಷ್ಟು, ಶಾಖವೆಷ್ಟು, ಅದರಲ್ಲಿ ಕರಗಿದ ಪ್ರಾಣವಾಯುವೆಷ್ಟು ಎಂದು ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ, ಹುಣ್ಣಿಮೆಯಲ್ಲೊಮ್ಮೆ, ಅಮಾವಾಸ್ಯೆಯಲ್ಲೊಮ್ಮೆ ಅಳೆಯಬೇಕು. ಮೊಟ್ಟೆಯಿಡುವ ಇಲಿಶ್ ಉಪ್ಪು ಇಲ್ಲವೆನ್ನುವಷ್ಟು ಕಡಿಮೆಯಾದ, ಮಳೆಗೆ ಕದಡಿದ, ಬೆಚ್ಚನೆಯ ನೀರನ್ನು ಆರಿಸುತ್ತದೆಂದು ಈ ಅಳತೆಗಳಿಂದ ತಿಳಿದುಬಂದಿದೆ. ನಾಲ್ಕನೆಯದು ಮರಿಗಳ ಎಣಿಕೆ. ನವಿರಾದ ಬಟ್ಟೆಯ ಬಲೆಯಲ್ಲಿ ನೀರನ್ನು ಸೋಸಿ, ಮೊಟ್ಟೆ ಮರಿಗಳು ಎಲ್ಲಿ ಎಷ್ಟು ಸಿಕ್ಕವೆಂದು ಬರೆದಿಟ್ಟುಕೊಂಡರೆ ಹೆರಿಗೆಯ ಕೋಣೆ ಎಲ್ಲಿದೆಯೆಂಬುದಕ್ಕೆ ಸಾಕ್ಷಿ ದೊರೆತಂತಾಯಿತು.

ಇನ್ನೊಂದು ಸೋಜಿಗವಿದೆ. ಮೀನಿನ ತಲೆಯೊಳಗೆ, ಕಿವಿಯ ಸ್ಥಾನದಲ್ಲಿ, ಸಣ್ಣದೊಂದು ಕಲ್ಲಿರುತ್ತದೆ. ಮರದ ಕಾಂಡದಲ್ಲಿ ವರ್ಷವರ್ಷಕ್ಕೂ ಬಳೆ ಮೂಡುವಂತೆ ಆ ಕಲ್ಲಿನಲ್ಲಿಯೂ ಪದರ ಪದರವಾಗಿ ಬಳೆಗಳು ಬೆಳೆಯುತ್ತವೆ. ಕಡಲ ನೀರಿನಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಹೆಚ್ಚು, ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಕಡಿಮೆ. ಮೀನು ಯಾವ ನೀರಿನಲ್ಲಿದ್ದಾಗ ಯಾವ ಬಳೆ ಬೆಳೆಯಿತೋ ಆ ನೀರಿನ ಗುರುತು ಆ ಬಳೆಯಲ್ಲಿ ಉಳಿದುಬಿಡುತ್ತದೆ. ಕಲ್ಲನ್ನು ಸೀಳಿ ಪರೀಕ್ಷಿಸಿದರೆ ಈ ಮೀನು ಇಂಥ ವಯಸ್ಸಿನಲ್ಲಿ ಹೊಳೆಯಲ್ಲಿದ್ದಿತು, ಇಂಥ ವಯಸ್ಸಿನಲ್ಲಿ ಕಡಲಿಗಿಳಿಯಿತು ಎಂದು ಓದಬಹುದು. ಮೀನು ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಂಡು ತಿರುಗುತ್ತದೆ. ನಾವು ಲಿಪಿಯನ್ನು ಕಲಿಯಲು ಇಷ್ಟು ಕಾಲ ಬೇಕಾಯಿತು.

ಐದನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಹಿರಿಯ ಬೆಸ್ತರ ನೆನಪು. ಯಂತ್ರ ಇಂದಿನ ನದಿಯನ್ನು ಅಳೆಯಬಲ್ಲದು. ಐವತ್ತು ವರ್ಷದ ಹಿಂದಿನ ನದಿಯನ್ನು ಅಳೆಯಲಾರದು. ಯಾವ ಮಡು ತುಂಬಿಹೋಯಿತು, ಯಾವ ತಿರುವಿನಲ್ಲಿ ಬಲೆ ತುಂಬುತ್ತಿತ್ತು, ಯಾವ ನಕ್ಷತ್ರದ ಮಳೆಗೆ ಮೀನು ಏರುತ್ತಿತ್ತು ಎಂಬುದನ್ನು ಹೇಳಬಲ್ಲವನು ದೋಣಿಯಲ್ಲಿ ತಲೆ ನರೆಸಿಕೊಂಡವನೊಬ್ಬನೇ.

ಇಷ್ಟೆಲ್ಲ ಶ್ರಮಪಟ್ಟು ಬರೆದ ನಕ್ಷೆಯಿಂದ ಆದ ಪ್ರಯೋಜನವೇನು? ಬಾಂಗ್ಲಾದೇಶವನ್ನು ನೋಡೋಣ. ಜಗತ್ತಿನಲ್ಲಿ ದೊರೆಯುವ ಇಲಿಶ್‌ನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆ ದೇಶದ್ದು. ಮೇಘನಾ ನದಿಯ ಮುಖದಲ್ಲಿ ಸುಮಾರು 7000 ಚದರ ಕಿಲೋಮೀಟರಿನಷ್ಟು ವಿಸ್ತಾರವನ್ನು ಮೊಟ್ಟೆಯಿಡುವ ನೆಲೆಯೆಂದು ಅಲ್ಲಿನ ವಿಜ್ಞಾನಿಗಳು ಗುರುತಿಸಿದರು. ಮರಿಗಳು ಮೇಯುವ ಆರು ನದೀಭಾಗಗಳನ್ನು ಅಭಯಸ್ಥಾನಗಳೆಂದು ಸಾರಿದರು. ಷಾಟ್ನಲ್‌ನಿಂದ ಚರ್ ಅಲೆಕ್ಸಾಂಡರ್‌ವರೆಗಿನ 100 ಕಿಲೋಮೀಟರು, ಆಂಧಾರಮಾಣಿಕ್ ನದಿಯ 40 ಕಿಲೋಮೀಟರು ಇವು ಅವುಗಳಲ್ಲಿ ಸೇರಿವೆ. ಆಶ್ವಯುಜದ ಹುಣ್ಣಿಮೆಯ ಆಸುಪಾಸಿನಲ್ಲಿ 22 ದಿನ ಇಲಿಶ್ ಹಿಡಿಯುವಂತಿಲ್ಲ. 25 ಸೆಂಟಿಮೀಟರಿಗಿಂತ ಚಿಕ್ಕದಾದ, ‘ಜಾಟ್ಕಾ’ ಎಂದು ಕರೆಯುವ ಮರಿಯನ್ನು ನವೆಂಬರಿನಿಂದ ಜೂನಿನವರೆಗೆ ಎಂಟು ತಿಂಗಳು ಮುಟ್ಟುವಂತಿಲ್ಲ. 2002-03ರಲ್ಲಿ ಸುಮಾರು 2 ಲಕ್ಷ ಟನ್ನಿಗೆ ಇಳಿದಿದ್ದ ಅಲ್ಲಿನ ಉತ್ಪತ್ತಿ 2018-19ರ ವೇಳೆಗೆ 5 ಲಕ್ಷ ಟನ್ನನ್ನು ಮೀರಿತು.

ಆದರೆ ನಕ್ಷೆಯ ಮೇಲೆ ಎಳೆದ ಗೆರೆ ಯಾರದೋ ಒಲೆಯ ಮೇಲೂ ಹಾದುಹೋಗುತ್ತದೆ ಎಂಬುದನ್ನು ಮರೆಯಬಾರದು. ಬಲೆ ಬೀಸಬೇಡವೆಂದು ಎರಡು ತಿಂಗಳು ತಡೆದರೆ ಬೆಸ್ತನ ಮನೆಯಲ್ಲಿ ಅನ್ನ ಬೇಯುವುದು ಹೇಗೆ? ಇದನ್ನರಿತು, ಮರಿಮೀನು ಹಿಡಿಯಬಾರದ ಕಾಲದ ನಾಲ್ಕು ತಿಂಗಳು ಪಟ್ಟಿಯಲ್ಲಿರುವ ಕುಟುಂಬಕ್ಕೆ ತಿಂಗಳಿಗೆ 40 ಕಿಲೋ ಅಕ್ಕಿ ಕೊಡುವ ಏರ್ಪಾಡನ್ನು ಅಲ್ಲಿನ ಸರ್ಕಾರ ಮಾಡಿತು. ಅಕ್ಕಿಯೊಂದರಿಂದ ಸಂಸಾರ ಸಾಗದು. ಆದರೂ ಮೀನಿನ ನೆಲೆಯನ್ನು ಗುರುತಿಸುವಾಗ ಮೀನುಗಾರನ ನೆಲೆಯನ್ನೂ ಗುರುತಿಸಬೇಕೆಂಬ ವಿವೇಕ ಅದರಲ್ಲಿದೆ.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. 2013ರಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಭಾಗೀರಥಿ-ಹೂಗ್ಲಿ ನದಿಯಲ್ಲಿ ಲಾಲ್‌ಬಾಗಿನಿಂದ ಫರಕ್ಕಾ, ಕಟ್ವಾದಿಂದ ಹೂಗ್ಲಿ ಘಾಟು, ಡೈಮಂಡ್ ಹಾರ್ಬರಿನಿಂದ ಗೋಡಾಖಾಲಿ ಎಂಬ ಮೂರು ಭಾಗಗಳನ್ನು ಇಲಿಶ್‌ನ ಅಭಯಸ್ಥಾನಗಳೆಂದು ಘೋಷಿಸಿತು. ಬ್ಯಾರಕ್‌ಪುರದಲ್ಲಿಯೇ ಇರುವ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಫರಕ್ಕಾದ ಕೆಳಗೆ ಹಿಡಿದ ಇಲಿಶ್‌ಗಳನ್ನು ಜೋಪಾನವಾಗಿ ಕಟ್ಟೆಯ ಮೇಲಣ ನೀರಿಗೆ ಸಾಗಿಸಿ ಬಿಡುತ್ತ ಬಂದಿದ್ದಾರೆ. ಕೆಲವಕ್ಕೆ ಗುರುತಿನ ಬಿಲ್ಲೆ ಕಟ್ಟಿ ಬಿಟ್ಟು, ಮೇಲಣ ಊರುಗಳ ಬೆಸ್ತರು ಸಿಕ್ಕಿದ ಬಿಲ್ಲೆಯನ್ನು ತಂದು ತೋರಿಸುವಂತೆ ಕೇಳಿಕೊಂಡರು. ಬುಕಾನನ್ನನು ಮೃಗಪಕ್ಷಿಗಳನ್ನು ನೋಡಿಕೊಂಡಿದ್ದ ಊರಿನಿಂದಲೇ ಅವನು ಹೆಸರಿಟ್ಟ ಮೀನಿಗೆ ಹಳೆಯ ದಾರಿಯನ್ನು ಮತ್ತೆ ತೋರಿಸುವ ಪ್ರಯತ್ನ ನಡೆದಿದೆ.

ಇಲ್ಲಿ ಎರಡು ಪಾಠಗಳನ್ನು ಎತ್ತಿ ಹೇಳಬೇಕು. ಒಂದು, ನಕ್ಷೆ ಒಮ್ಮೆ ಬರೆದಿಟ್ಟು ಕಟ್ಟು ಹಾಕಿಸುವ ಚಿತ್ರವಲ್ಲ. ಫರಕ್ಕಾದ ನೀರು ಬರತೊಡಗಿದ ಮೇಲೆ ಹೂಗ್ಲಿಯ ಅಳಿವೆಯಲ್ಲಿ ಉಪ್ಪು ತಗ್ಗಿತು; ಸಿಹಿನೀರಿನ ಮೇರೆ ಕಡಲಿನ ಕಡೆಗೆ ಸರಿಯಿತು; ಮೀನಿನ ನೆಲೆಯೂ ಅದರೊಡನೆ ಸರಿಯಿತು. ಮೇಘನೆಯ ಮುಖದಲ್ಲಿ ಒಂದು ಮಳೆಗಾಲಕ್ಕೆ ಎದ್ದ ದ್ವೀಪ ಇನ್ನೊಂದು ಮಳೆಗಾಲಕ್ಕೆ ಕರಗುವುದುಂಟು. ನದಿ ತಿರುಗಿದಂತೆ ನಕ್ಷೆಯನ್ನೂ ತಿದ್ದುತ್ತಿರಬೇಕು.

ಎರಡನೆಯ ಪಾಠ ಗಡಿಗೆ ಸೇರಿದ್ದು. ಬಂಗಾಳಕೊಲ್ಲಿಯ ಇಲಿಶ್ ಭಾರತದ್ದೂ ಹೌದು, ಬಾಂಗ್ಲಾದೇಶದ್ದೂ ಹೌದು. ನಮ್ಮ ಪೂರ್ವ ಕರಾವಳಿಯಲ್ಲಿ ಕಡಲ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಬಿಡುವು. ಬಾಂಗ್ಲಾದೇಶದಲ್ಲಿ ಅನೇಕ ವರ್ಷ ಆ ಬಿಡುವು ಮೇ 20ರಿಂದ ಜುಲೈ 23ರವರೆಗೆ ಇದ್ದಿತು. ಒಂದು ಕಡೆಯ ದೋಣಿಗಳು ದಡದಲ್ಲಿ ಒಣಗುತ್ತಿರುವಾಗ ಇನ್ನೊಂದು ಕಡೆಯ ದೋಣಿಗಳು ನೀರಿನಲ್ಲಿ. ಮೀನು ಮಾತ್ರ ಒಂದೇ. ನಾವು ಹಸಿದು ಉಳಿಸಿದುದನ್ನು ನೆರೆಯವರು ಬಾಚಿಕೊಂಡರೆಂಬ ಕೊರಗು ಹುಟ್ಟುವುದು ಸಹಜ. ಕೊನೆಗೆ 2025ರಲ್ಲಿ ಬಾಂಗ್ಲಾದೇಶವು ತನ್ನ ಬಿಡುವನ್ನು ಏಪ್ರಿಲ್ 15ರಿಂದ ಜೂನ್ 11ಕ್ಕೆ ಬದಲಾಯಿಸಿ ಎರಡು ಪಂಚಾಂಗಗಳನ್ನೂ ಬಹುಮಟ್ಟಿಗೆ ಹೊಂದಿಸಿತು. ಮೀನಿನ ಬಾಳಿಗೆ ಇಬ್ಬರ ಪಂಚಾಂಗವೂ ಕೂಡಿಬರಬೇಕೆಂದು ಒಪ್ಪಿಕೊಳ್ಳಲು ಎರಡು ದೇಶಗಳಿಗೆ ಇಷ್ಟು ವರ್ಷ ಬೇಕಾಯಿತು.

ಬಂಧುಗಳೇ, ಈಗ ನಮ್ಮ ಹೊಳೆಗೆ ಬರೋಣ. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಸೀಮೆಯನ್ನು ಹಾದು, ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡನ್ನು ಬಳಸಿ ಕಡಲನ್ನು ಸೇರುತ್ತದೆ. 1956ರ ನವೆಂಬರ್ 1ರಂದು ಎಳೆದ ಗೆರೆ ಅದರ ಮೈಯನ್ನು ಎರಡು ರಾಜ್ಯಗಳಿಗೆ ಹಂಚಿತು. ಆ ಗೆರೆಯ ನ್ಯಾಯಾನ್ಯಾಯದ ಚರ್ಚೆ ಈ ವೇದಿಕೆಗೆ ಹೊಸತಲ್ಲ. ಅದನ್ನು ಇಂದು ನಾವು ಎತ್ತುವುದಿಲ್ಲ. ಹೊಳೆಯ ಮೇಲ್ಭಾಗದ ವಿವರ ಒಂದು ರಾಜ್ಯದ ಕಡತದಲ್ಲಿ, ಕೆಳಭಾಗದ ವಿವರ ಇನ್ನೊಂದು ರಾಜ್ಯದ ಕಡತದಲ್ಲಿ ಇರುವಾಗ, ಇಡಿಯ ಹೊಳೆಯನ್ನು ಮನೆಯಾಗಿ ಮಾಡಿಕೊಂಡ ಜೀವದ ಗತಿಯೇನು ಎಂಬುದಷ್ಟೇ ನಮ್ಮ ಪ್ರಶ್ನೆ.

ಅಂಥ ಜೀವ ನಮ್ಮಲ್ಲಿಯೂ ಉಂಟು. ಪಶ್ಚಿಮಘಟ್ಟದಿಂದ ಇಳಿಯುವ ಹೊಳೆಗಳ ಹಾವುಮೀನನ್ನು ಹಿರಿಯರು ಬಲ್ಲರು. ಅದರ ನಡೆ ಇಲಿಶ್‌ಗೆ ತಿರುಗುಮುರುಗು. ಬೆಳೆಯುವುದು ಹೊಳೆಯ ಬಂಡೆಗಳ ಸಂದಿಯಲ್ಲಿ. ಮೊಟ್ಟೆಯಿಡುವುದು ದೂರದ ಹಿಂದೂ ಮಹಾಸಾಗರದ ಆಳದಲ್ಲಿ. ಗಾಜಿನಂತೆ ಪಾರದರ್ಶಕವಾದ ಅದರ ಮರಿಗಳು ಕಡಲಿನಿಂದ ಅಳಿವೆಯನ್ನು ಹೊಕ್ಕು ಹೊಳೆಯನ್ನೇರುತ್ತವೆ. ಸೀಗಡಿಯ ಹಲವು ಜಾತಿಗಳೂ ಹೂಮೀನೂ ಕಡಲಿನಲ್ಲಿ ಹುಟ್ಟಿ, ಅಳಿವೆಯ ಕಾಂಡ್ಲಾ ಬೇರುಗಳ ನೆರಳಿನಲ್ಲಿ ಬಾಲ್ಯವನ್ನು ಕಳೆಯುತ್ತವೆ. ಅಳಿವೆಯ ಬಾಗಿಲು ಹೊಯ್ಗೆಯಿಂದ ಮುಚ್ಚುವುದೂ ಮಳೆಗೆ ಒಡೆಯುವುದೂ ಈ ಮರಿಗಳಿಗೆ ಜೀವನ್ಮರಣದ ಸಂಗತಿ. ಬಾವಿಕ್ಕೆರೆಯಲ್ಲಿ ಉಪ್ಪುನೀರು ಮೇಲೇರದಂತೆ ಹೊಳೆಗೆ ಕಟ್ಟೆ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಉಪ್ಪುನೀರು ಕುಡಿದು ಬೇಸತ್ತ ಪಟ್ಟಣದ ಜನರಿಗೆ ಅದು ಬೇಕಾಗಿಯೇ ಇದ್ದಿತು. ನಾವೂ ಆ ನೀರನ್ನೇ ಕುಡಿಯುವವರು. ಆದರೆ ಆ ಕಟ್ಟೆಯ ಬುಡಕ್ಕೆ ಬಂದ ಮರಿ ಯಾವ ತಿಂಗಳಲ್ಲಿ ಬಂದಿತು, ಬಾಗಿಲು ತೆರೆದಿದ್ದಿತೇ ಮುಚ್ಚಿದ್ದಿತೇ ಎಂದು ಬರೆದಿಡುವವರೂ ಬೇಕು. ಹೊಯ್ಗೆ ತೆಗೆದ ಕಡೆ ಮಡು ಎಷ್ಟು ಬದಲಾಯಿತೆಂದು ವರ್ಷವರ್ಷಕ್ಕೂ ಅಳೆಯುವವರು ಬೇಕು.

ಈ ಕೆಲಸಕ್ಕೆ ಗಡಿನಾಡಿನ ಜನರಾದ ನಮಗಿಂತ ತಕ್ಕವರು ಯಾರು? ಮೇಲಣ ಊರಿನ ಕೃಷಿಕನೊಡನೆ ಕನ್ನಡದಲ್ಲಿ, ಅಳಿವೆಯ ಬೆಸ್ತನೊಡನೆ ತುಳುವಿನಲ್ಲಿ ಅಥವಾ ಮಲಯಾಳದಲ್ಲಿ ಮಾತಾಡಬಲ್ಲವರು ನಾವು. ನಮ್ಮಲ್ಲಿ ಹಲವರಿಗೆ ಹೊಳೆಯ ಎರಡು ಕಡೆಗಳಲ್ಲಿಯೂ ನೆಂಟರಿದ್ದಾರೆ. ಹೊಳೆಯ ಪ್ರತಿಯೊಂದು ಕಯಕ್ಕೂ, ಕಡವಿಗೂ, ಬಂಡೆಗೂ, ತಿರುವಿಗೂ ಹಿರಿಯರು ಇಟ್ಟ ಹೆಸರುಗಳಿವೆ. ಸೇತುವೆಗಳಾದ ಮೇಲೆ ಕಡವಿನ ದೋಣಿಗಳು ನಿಂತವು. ದೋಣಿ ನಡೆಸಿದವರು ಒಬ್ಬೊಬ್ಬರಾಗಿ ಕಾಲವಶರಾಗುತ್ತಿದ್ದಾರೆ. ಅವರೊಡನೆ ಆ ಹೆಸರುಗಳೂ ಹೋಗುತ್ತವೆ. ಒಂದು ಕಯದ ಹೆಸರು ಮರೆತಾಗ ನುಡಿಯೊಳಗಿಂದ ಒಂದು ಪದ ಕಳೆಯಿತು. ಅಲ್ಲಿ ಮಡುವೊಂದಿದ್ದಿತೆಂಬ ಸಾಕ್ಷ್ಯವೂ ಅದರೊಡನೆ ಕಳೆಯಿತು. ನುಡಿಯನ್ನು ಉಳಿಸುವುದೂ ಹೊಳೆಯನ್ನು ಉಳಿಸುವುದೂ ಇಲ್ಲಿ ಒಂದೇ ಕೆಲಸವಾಗುತ್ತವೆ. ಮೀನಿನ ಮಾತನ್ನು ಕನ್ನಡ ಸಂಘದ ಮುಂದೆ ತಂದ ನಮ್ಮ ಅಪರಾಧಕ್ಕೆ ಇದೇ ಸಮಾಧಾನ.

ಆದುದರಿಂದ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ನಮ್ಮ ಕನ್ನಡ ಶಾಲೆಗಳಲ್ಲಿ ಹೊಳೆಯ ಸಮೀಪದವು ಒಂದೊಂದು ಪುಸ್ತಕವನ್ನು ತೆರೆಯಲಿ. ಮಕ್ಕಳು ರಜೆಯಲ್ಲಿ ಅಜ್ಜಂದಿರ ಬಳಿ ಕುಳಿತು ತಮ್ಮ ಊರಿನ ಹೊಳೆಯ ಕಯ, ಕಡವುಗಳ ಹೆಸರುಗಳನ್ನೂ, ಅಲ್ಲಿ ಯಾವ ತಿಂಗಳು ಯಾವ ಮೀನು ಸಿಕ್ಕುತ್ತಿದ್ದಿತೆಂಬುದನ್ನೂ ಅವರು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಲಿ. ಹಿರಿಯರ ಜೊತೆಯಲ್ಲಿ, ದಡದಲ್ಲಿಯೇ ನಿಂತು, ಅಳಿವೆಯ ಬಾಗಿಲು ಎಂದು ತೆರೆಯಿತು, ಎಂದು ಮುಚ್ಚಿತು ಎಂದು ತಾರೀಖು ಹಾಕಲಿ. ಸುಳ್ಯದ ಕಡೆಯ ಶಾಲೆಗಳಿಗೂ ಪತ್ರ ಬರೆದು ಇದೇ ಕೆಲಸವನ್ನು ಕೈಗೊಳ್ಳುವಂತೆ ಕೇಳೋಣ. ಎರಡು ಪುಸ್ತಕಗಳನ್ನೂ ಜೋಡಿಸಿ ಓದಿದ ದಿನ ಹೊಳೆಯ ತಲೆಯೂ ಬಾಯಿಯೂ ಒಂದು ಹಾಳೆಯ ಮೇಲೆ ಕೂಡಿಬರುತ್ತವೆ. ಯಂತ್ರಗಳನ್ನು ತರುವ ಪಂಡಿತರು ಮುಂದೊಂದು ದಿನ ಬಂದಾಗ ನಾವು ಬರಿಗೈಯಲ್ಲಿ ನಿಂತಿರಬಾರದು.

ಬುಕಾನನ್ನನು ದಾಟಿದ ಹೊಳೆ ಇಂದೂ ಹರಿಯುತ್ತಿದೆ. ಅವನು ಅದನ್ನು ಗಡಿಯೆಂದು ಬರೆದುಕೊಂಡು ಮುಂದೆ ಹೋದನು. ದಡದಲ್ಲಿ ಉಳಿದವರು ನಾವು. ನಮ್ಮ ಮಕ್ಕಳು ಅದನ್ನು ಮನೆಯೆಂದು ಬರೆಯಲಿ.